ಪ್ರೇಮದ ಚಮಚಕ್ಕಿಂತ ಊಟದ ಚಮಚ ಮೇಲು

ಸೇಂಟ್ ಫಾಗನ್ಸ್‌ಗೆ ಬರುವ ಪ್ರವಾಸಿಗರಲ್ಲಿ ಹಲವರು ಒಳಗೆ ಕಾಲಿಡುತ್ತಿದ್ದಂತೆ ಕೇಳುವುದು ‘ಲವ್ ಸ್ಪೂನ್’ ಎಲ್ಲಿ ಅಂತ. ವೇಲ್ಸ್ ನಾಡಿನ ಹಳ್ಳಿಯ ಹುಡುಗರು ತಾವು ಮೆಚ್ಚಿದ ಹುಡುಗಿಗೆ ಒಂದೇ ತುಂಡು ಮರದಲ್ಲಿ ಕೆತ್ತಿ ಕೊಡುತ್ತಿದ್ದ ಪ್ರೇಮದ ಚಮಚಗಳವು. ಇಸವಿ ಕೆತ್ತಿರುವ ವೇಲ್ಸ್‌ನ ಚಮಚಗಳಲ್ಲಿ ಅತಿ ಹಳೆಯದು 1667ರದ್ದು, ಅದು ಇಲ್ಲಿನ ಸಂಗ್ರಹದಲ್ಲಿದೆ. ಹಾಗಾಗಿ ಕೇಳುವವರ ತಪ್ಪೇನೂ ಇಲ್ಲ. ಆದರೆ ಇಡೀ ದಿನ ಸುತ್ತಾಡಿದ ಮೇಲೆ ನನ್ನ ಕಣ್ಣಲ್ಲಿ ಉಳಿದದ್ದು ಹೃದಯ, ಸರಪಳಿ, ಬೀಗದ ಕಣ್ಣುಗಳಿಂದ ಸಿಂಗರಿಸಿಕೊಂಡ ಆ ಚಮಚಗಳಲ್ಲ. ಏನೂ ಅಲಂಕಾರವಿಲ್ಲದ, ಸಾರು ಕುಡಿಯಲು ಮಾಡಿದ ಬೋಳು ಚಮಚ. ಅದರ ಕಥೆ ಹಸಿ ಮರದಿಂದ ಶುರುವಾಗುತ್ತದೆ.

ವೇಲ್ಸ್‌ನ ರಾಜಧಾನಿ ಕಾರ್ಡಿಫ್ ನಗರದ ಪಶ್ಚಿಮಕ್ಕೆ ಆರೇಳು ಕಿಲೋಮೀಟರ್ ಹೋದರೆ ಸೇಂಟ್ ಫಾಗನ್ಸ್ ಊರು. ಅಲ್ಲಿನ ಶ್ರೀಮಂತ ಮನೆತನವೊಂದು ತನ್ನ ಕೋಟೆಮನೆಯನ್ನೂ ತೋಟವನ್ನೂ ಬಿಟ್ಟುಕೊಟ್ಟ ಮೇಲೆ 1948ರಲ್ಲಿ ಈ ಬಯಲು ವಸ್ತುಸಂಗ್ರಹಾಲಯ ತೆರೆಯಿತು. ಕಟ್ಟಿದವರು ಇಯೋರ್ವರ್ತ್ ಪೀಟ್ ಎಂಬ ವಿದ್ವಾಂಸರು. 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರುವಾದ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ಅವರಿಗೆ ಮಾದರಿ. ವೇಲ್ಸ್‌ನ ಮೂಲೆಮೂಲೆಗಳಲ್ಲಿ ಬೀಳಲು ಸಿದ್ಧವಾಗಿದ್ದ ಮನೆ, ಗಿರಣಿ, ಅಂಗಡಿ, ಶಾಲೆ, ಚರ್ಚುಗಳನ್ನು ಕಲ್ಲು ಕಲ್ಲಿಗೆ ಗುರುತು ಹಾಕಿ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಎಬ್ಬಿಸಿ ನಿಲ್ಲಿಸಿದ ಹೆರಿಟೇಜ್ ವಿಲೇಜ್ ನೋಡಿದವರಿಗೆ ಈ ಹುಚ್ಚಿನ ಪರಿಚಯ ಇದ್ದೇ ಇರುತ್ತದೆ. ಸೇಂಟ್ ಫಾಗನ್ಸ್‌ನಲ್ಲಿ ಸುಮಾರು ನೂರು ಎಕರೆಯಲ್ಲಿ ನಲವತ್ತಕ್ಕೂ ಹೆಚ್ಚು ಕಟ್ಟಡಗಳಿವೆ. ಪ್ರವೇಶಕ್ಕೆ ದುಡ್ಡಿಲ್ಲ.

ನನ್ನನ್ನು ಕರೆದುಕೊಂಡು ಹೋದವನು ಕಾರ್ಡಿಫ್‌ನ ಆಸ್ಪತ್ರೆಯಲ್ಲಿ ವೈದ್ಯನಾಗಿರುವ ಗೆಳೆಯ. ಜೊತೆಗೆ ತೀರ್ಥಹಳ್ಳಿ ಕಡೆಯಿಂದ ಮಗನ ಮನೆಗೆ ಬಂದಿದ್ದ ಅವನ ತಾಯಿ. ವಸ್ತುಸಂಗ್ರಹಾಲಯ ಅಂದರೆ ಮೂಗು ಮುರಿಯುವ ಜಾತಿಯವರಲ್ಲ ಅವರು. ಆದರೆ ನೋಡುವ ರೀತಿ ಬೇರೆ. ಫಲಕ ಓದುವುದಿಲ್ಲ, ಸೀದಾ ಅಡುಗೆಮನೆಗೆ ನುಗ್ಗುತ್ತಾರೆ.

ಮೊದಲು ಸಿಕ್ಕಿದ್ದು ಕೆನಿಕ್ಸ್‌ಟನ್ ತೋಟದ ಮನೆ. 1610ರಲ್ಲಿ ಕಟ್ಟಿದ್ದು, ಗವರ್ ಎಂಬ ಸೀಮೆಯಿಂದ ತಂದದ್ದು. ಹೊರಗೋಡೆಗೆಲ್ಲ ಗಾಢ ಕೆಂಪು. ದುಷ್ಟಶಕ್ತಿ ಹತ್ತಿರ ಸುಳಿಯದಿರಲಿ ಅಂತ ಆ ಬಣ್ಣವಂತೆ. ಅಲ್ಲಿಂದ ಮುಂದೆ ದನಕರುಗಳೂ ಜನರೂ ಒಂದೇ ಸೂರಿನಡಿ ಇರುತ್ತಿದ್ದ ಉದ್ದನೆಯ ಮನೆ. ಇನ್ನೂ ಮುಂದೆ ಮರ್ಥರ್ ಟಿಡ್‌ಫಿಲ್ ಎಂಬ ಕಬ್ಬಿಣದ ಊರಿನಿಂದ ತಂದ ಕಾರ್ಮಿಕರ ಸಾಲುಮನೆ. ಅದರಲ್ಲಿ ಆರು ಮನೆಗಳು. ಒಂದೊಂದನ್ನು ಒಂದೊಂದು ಕಾಲಕ್ಕೆ ಒಪ್ಪುವಂತೆ, 1805, 1855, 1895, 1925, 1955, 1985 ಹೀಗೆ, ಜೋಡಿಸಿಟ್ಟಿದ್ದಾರೆ. ಒಂದು ಮನೆಯಿಂದ ಹೊರಬಂದು ಪಕ್ಕದ ಬಾಗಿಲು ಹೊಕ್ಕರೆ ಮೂವತ್ತರಿಂದ ಐವತ್ತು ವರ್ಷ ಕಳೆದಿರುತ್ತದೆ. ಮೇಜಿನ ಮೇಲಿನ ಮರದ ಸಾಮಾನು ಹಿಂದೆ ಸರಿಯುತ್ತ ಹೋಗಿ ಪಿಂಗಾಣಿ, ಲೋಹ, ಕೊನೆಗೆ ಪ್ಲಾಸ್ಟಿಕ್ ಮುಂದೆ ಬರುತ್ತದೆ. ಎಲ್ಲರ ಮನೆಯಲ್ಲೂ ಆದದ್ದೇ.

ಹಳೆಯ ಮನೆಗಳಲ್ಲಿ ಒಲೆಯೆಂದರೆ ದೊಡ್ಡ ಬೆಂಕಿಗೂಡು. ಅದರ ಮೇಲೆ ಸರಪಳಿಗೆ ತೂಗುಬಿಟ್ಟ ಕಬ್ಬಿಣದ ಹಂಡೆ. ಅದರಲ್ಲಿ ಕುದಿಯುತ್ತಿದ್ದದ್ದು ಕೌಲ್. ಕುರಿ ಮಾಂಸವೋ ಉಪ್ಪು ಹಾಕಿಟ್ಟ ಹಂದಿ ಮಾಂಸವೋ, ಆಲೂಗಡ್ಡೆ, ಗಡ್ಡೆಕೋಸಿನ ಜಾತಿಯ ಗಡ್ಡೆ, ಕ್ಯಾರೆಟ್, ಲೀಕ್ ಎಂಬ ಉದ್ದ ಈರುಳ್ಳಿಸೊಪ್ಪು ಎಲ್ಲ ಸೇರಿಸಿ ಗಂಟೆಗಟ್ಟಲೆ ಬೇಯಿಸಿದ ಸಾರು. ಅದನ್ನು ಮರದ ಬಟ್ಟಲಿಗೆ ಸುರಿದುಕೊಂಡು ಮರದ ಚಮಚದಲ್ಲಿ ಕುಡಿಯುವುದು. ಲೋಹದ ಚಮಚ ಬಡವರ ಕೈಗೆ ನಿಲುಕದ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು, ಸರಿ. ಆದರೆ ಲೋಹ ಅಗ್ಗವಾದ ಮೇಲೂ ಪಶ್ಚಿಮ ವೇಲ್ಸ್‌ನ ಹಳ್ಳಿಗಳಲ್ಲಿ ಜನ ಮರದ ಚಮಚ ಬಿಡಲಿಲ್ಲ. ಕಾರಣ ಬಾಯಿಗಿಟ್ಟವರಿಗೆ ಗೊತ್ತು. ಕುದಿವ ಸಾರಿನಲ್ಲಿ ಅದ್ದಿದರೂ ಮರ ತುಟಿ ಸುಡುವುದಿಲ್ಲ.

ಬೆಂಕಿಗೂಡಿನ ಪಕ್ಕದಲ್ಲಿದ್ದ ಅಗಲ ಬಾಯಿಯ ಬಟ್ಟಲನ್ನು ನೋಡಿ ಗೆಳೆಯನ ತಾಯಿ ನಿಂತರು. ‘ಇದು ನಮ್ಮ ಮರಿಗೆ ಅಲ್ವೇನೋ? ಸ್ವಲ್ಪ ತೆಳುವಾಗಿದೆ ಅಷ್ಟೆ.’

‘ಬೆಣ್ಣೆ ತೊಳೆಯೋಕೆ ಇಟ್ಕೊಳ್ತಿದ್ರಂತೆ ಅಮ್ಮ’ ಅಂದ ಮಗ.

‘ಮತ್ತೆ ನಾವೇನು ಮಾಡ್ತಿದ್ವಿ?’

ಮುಂದಿನ ದಾರಿಯಲ್ಲಿ ಮರಗಳ ನೆರಳಲ್ಲಿ ಒಬ್ಬರು ಕುಳಿತು ಚಮಚ ಕೆತ್ತುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದರಂತೆ. ಮುಂದೆ ಮೊಣಕಾಲೆತ್ತರದ ಒಂದು ಕೊರಡು, ಪಕ್ಕದಲ್ಲಿ ತೊಗಟೆ ಇನ್ನೂ ಮಾಸದ ಒಂದಿಷ್ಟು ತುಂಡುಗಳು, ಚಿಕ್ಕ ಕೊಡಲಿ, ಎರಡು ಮೂರು ಕತ್ತಿ. ಇಷ್ಟೇ ಬಂಡವಾಳ. ಕರೆಂಟು ಬೇಡ, ಮರ ಕಚ್ಚಿಸಿಡುವ ಇಕ್ಕಳ ಬೇಡ, ಮೇಜೂ ಬೇಡ. ಹೇಗೆ ಸಾಧ್ಯ ಅಂದರೆ, ಮರ ಹಸಿಯಾಗಿದೆ ಅನ್ನುವುದೊಂದೇ ಉತ್ತರ. ಒಣಗಿದ ಮರವನ್ನು ಕೆತ್ತಲು ಉಳಿ, ಸುತ್ತಿಗೆ, ಹಿಡಿದಿಡಲು ಬಿಗಿ ಎಲ್ಲವೂ ಬೇಕು. ಕಡಿದ ಹೊಸತರಲ್ಲಿ ಅದೇ ಮರ ಸೌತೆಕಾಯಿ ಹೆಚ್ಚಿದಷ್ಟು ಸಲೀಸಾಗಿ ಕತ್ತಿಗೆ ಬರುತ್ತದೆ. ದಿನವಿಡೀ ಹೊಲದಲ್ಲಿ ದುಡಿದು ಬಂದ ಆಳು ರಾತ್ರಿ ಬೆಂಕಿಯ ಮುಂದೆ ಕುಳಿತು ಬರೀ ಒಂದು ಕತ್ತಿಯಲ್ಲಿ ಮನೆಮಂದಿಗೆಲ್ಲ ಚಮಚ ಮಾಡಿಕೊಳ್ಳಲು ಸಾಧ್ಯವಾಗಿದ್ದು ಹೀಗೆ.

ಅವರ ಬಳಿ ಇದ್ದದ್ದು ಸಿಕಮೋರ್ ಮರ. ಮೇಪಲ್ ಜಾತಿಯದು. ಬಿಳಿ ಬಣ್ಣ, ಒತ್ತೊತ್ತಾದ ನಯ ನಾರು. ಮುಖ್ಯವಾಗಿ ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಹಾಲು, ಬೆಣ್ಣೆ, ಸಾರು ಯಾವುದಕ್ಕೂ ತನ್ನ ಗುಣ ಅಂಟಿಸುವುದಿಲ್ಲ. ವೇಲ್ಸ್‌ನ ಹಾಲಿನ ಮನೆಯ ಬಟ್ಟಲು, ಕೆನೆ ತೆಗೆಯುವ ತಟ್ಟೆ, ಬೆಣ್ಣೆಯ ಮೇಲೆ ಮುದ್ರೆ ಒತ್ತುವ ಅಚ್ಚು ಎಲ್ಲ ಈ ಮರದಲ್ಲೇ ಆಗುತ್ತಿದ್ದವು. ನಮ್ಮಲ್ಲಿ ಅಡುಗೆಮನೆಯ ಸಾಮಾನಿಗೆ ಕಂಡ ಕಂಡ ಮರ ಹಾಕುವುದಿಲ್ಲವಲ್ಲ, ಲೆಕ್ಕಾಚಾರ ಅದೇ.

ಅವರು ಕೊಡಲಿಯನ್ನು ತುಂಡಿನ ತಲೆಯ ಮೇಲಿಟ್ಟು, ಅದರ ಬೆನ್ನಿಗೆ ಮರದ ಕೊಡತಿಯಿಂದ ಒಂದು ಏಟು ಹಾಕಿದರು. ಸಣ್ಣಗೆ ಚಟ್ ಅಂದು ತುಂಡು ಎರಡು ಹೋಳಾಯಿತು. ಗರಗಸ ಮುಟ್ಟಲಿಲ್ಲ. ‘ಗರಗಸಕ್ಕೆ ನಾರು ಎತ್ತ ಹೋಗಿದೆ ಅನ್ನೋದು ಗೊತ್ತಾಗಲ್ಲ, ಅದು ತನ್ನ ದಾರಿಯಲ್ಲಿ ಕುಯ್ಕೊಂಡು ಹೋಗುತ್ತೆ. ಸೀಳಿದರೆ ಮರವೇ ತನ್ನ ನಾರಿನ ಗುಂಟ ಬಿಟ್ಟುಕೊಡುತ್ತೆ’ ಅಂದರು. ಹೋಳಿನ ಮೈಯಲ್ಲಿ ನೀರಿನ ಪಸೆ ಮಿನುಗುತ್ತಿತ್ತು. ಮುಟ್ಟಿದರೆ ಬೆರಳು ತಣ್ಣಗಾಯಿತು. ಆಗಷ್ಟೇ ಕಡಿದ ಮರದಲ್ಲಿ, ಅದೇ ಮರ ಪೂರ್ತಿ ಒಣಗಿದರೆ ಎಷ್ಟು ತೂಗುತ್ತದೋ ಅದರ ಅರ್ಧಕ್ಕಿಂತ ಹೆಚ್ಚು ತೂಕದ ನೀರೇ ಇರುವುದುಂಟು. ಕೆಲವು ಜಾತಿಗಳಲ್ಲಿ ಮರದಷ್ಟೇ ತೂಕದ ನೀರು.

ಮರುಕ್ಷಣ ಮಾಡಿದ ಕೆಲಸ ನಟ್ಟನಡುವಿನ ತಿರುಳನ್ನು ಕೆತ್ತಿ ಬಿಸಾಡಿದ್ದು. ಪೆನ್ಸಿಲ್ ಕಡ್ಡಿಯಷ್ಟೂ ದಪ್ಪವಿಲ್ಲದ ಆ ನಡುಗೆರೆಯಿಂದಲೇ ಮರ ಬಿರಿಯಲು ಶುರುವಾಗುವುದು. ಅದನ್ನು ಒಳಗೇ ಬಿಟ್ಟುಕೊಂಡು ಎಷ್ಟು ಚೆಂದದ ಚಮಚ ಮಾಡಿದರೂ ಒಣಗುವಾಗ ಕೈಕೊಡುತ್ತದೆ.

ಆಮೇಲೆ ಕೊಡಲಿ ಕೆಲಸ. ಹೋಳಿನ ಮೇಲ್ತುದಿಯನ್ನು ಎಡಗೈಯಲ್ಲಿ ಹಿಡಿದು ಕೊರಡಿನ ಮೇಲೆ ಊರಿ, ಕೈಗಿಂತ ಬಹಳ ಕೆಳಗೆ ಮಾತ್ರ ಏಟು ಹಾಕುತ್ತಾರೆ. ಮೊದಲು ಓರೆಯಾಗಿ ಸಾಲು ಸಾಲು ಕಚ್ಚು, ನಂತರ ಆ ಕಚ್ಚುಗಳನ್ನೆಲ್ಲ ಒಂದೇ ನೇರಕ್ಕೆ ಎಬ್ಬಿಸುವ ಏಟು. ಚಕ್ಕೆಗಳು ದಬದಬ ಬೀಳುತ್ತಿದ್ದವು. ಪೆನ್ಸಿಲ್‌ನಲ್ಲಿ ನಡುಗೆರೆ ಎಳೆದು ಚಮಚದ ಆಕಾರ ಬರೆದದ್ದಷ್ಟೇ, ನೋಡನೋಡುತ್ತ ದೊಣ್ಣೆಯಂಥ ಹೋಳಿನಲ್ಲಿ ಹಿಡಿ, ಕತ್ತು, ತಲೆ ಕಾಣಿಸಿಕೊಂಡವು. ಚಮಚದ ಮುಕ್ಕಾಲು ಕೆಲಸ ಕೊಡಲಿಯದೇ, ಕತ್ತಿ ಬರೀ ತಿದ್ದುವುದಕ್ಕೆ ಅಂತ ಅವರ ವಾದ.

ಪಕ್ಕದಿಂದ ನೋಡಿದರೆ ಒಳ್ಳೆಯ ಚಮಚ ನೇರವಾಗಿ ಇರುವುದಿಲ್ಲ. ಕತ್ತಿನ ಹತ್ತಿರ ಒಂದು ಬಾಗು ಇರಬೇಕು, ಇಲ್ಲದಿದ್ದರೆ ಬಟ್ಟಲಿನಿಂದ ಎತ್ತುವಾಗ ಮೊಣಕೈಯನ್ನು ಕಿವಿವರೆಗೆ ಎತ್ತಬೇಕಾಗುತ್ತದೆ. ತೊಂದರೆ ಇರುವುದು ಇಲ್ಲೇ. ನೆಟ್ಟಗಿನ ಮರದಲ್ಲಿ ಬಾಗು ಕೆತ್ತಿದರೆ ಆ ಜಾಗದಲ್ಲಿ ನಾರುಗಳು ಕತ್ತರಿಸಿ ಹೋಗುತ್ತವೆ, ಕತ್ತು ದುರ್ಬಲವಾಗುತ್ತದೆ. ಅನುಭವಸ್ಥರು ಅದಕ್ಕೇ ಹುಟ್ಟಿನಿಂದಲೇ ಬಾಗಿದ ಕೊಂಬೆ ಹುಡುಕುತ್ತಾರೆ. ಕೊಂಬೆ ಬಾಗಿದ ಕಡೆ ನಾರೂ ಬಾಗಿರುತ್ತದೆ. ಅದರಲ್ಲಿ ಮಾಡಿದ ಚಮಚದ ಹಿಡಿಯ ತುದಿಯಿಂದ ತುಟಿಯವರೆಗೂ ಒಂದೇ ನಾರು ತುಂಡಾಗದೆ ಹರಿದಿರುತ್ತದೆ. ಬೆರಳಿನಷ್ಟು ತೆಳ್ಳಗೆ ಇದ್ದರೂ ಮುರಿಯುವುದಿಲ್ಲ. ಮೇಷ್ಟ್ರು ತಮ್ಮ ಚೀಲದಿಂದ ಅಂಥದ್ದೊಂದನ್ನು ತೆಗೆದು, ಎರಡೂ ತುದಿ ಹಿಡಿದು ಬಗ್ಗಿಸಿ ತೋರಿಸಿದರು. ಬಿಲ್ಲಿನ ಹಾಗೆ ಕಸುವಿತ್ತು ಅದರಲ್ಲಿ. ಕಟ್ಟಿಗೆ ಅಂಗಡಿಯವನು ಸೌದೆಗೆ ಅಂತ ಎಸೆಯುವ ಸೊಟ್ಟ ಕೊಂಬೆಯೇ ಚಮಚದವನಿಗೆ ಬೇಕಾದದ್ದು.

ಕತ್ತಿ ಹಿಡಿಯುವ ಪರಿ ನೋಡಿ ಗೆಳೆಯನ ತಾಯಿ ‘ಅಯ್ಯಯ್ಯೋ’ ಅಂದರು. ಕತ್ತಿಯ ಬಾಯಿ ಎದೆಯ ಕಡೆಗೆ, ಎಳೆಯುವುದೂ ಎದೆಯ ಕಡೆಗೇ. ಆದರೆ ಗಮನವಿಟ್ಟು ನೋಡಿದರೆ ಅಪಾಯವಿಲ್ಲ. ಮುಂಗೈ ಪಕ್ಕೆಗೆ ಒತ್ತಿಕೊಂಡಿರುತ್ತದೆ, ಕೈ ಅಲ್ಲೇ ತಡೆದು ನಿಲ್ಲುವುದರಿಂದ ಅಲಗು ಮೈ ಮುಟ್ಟುವಷ್ಟು ದೂರ ಬರುವುದಿಲ್ಲ. ಹೀಗೆ ಒಂದೊಂದು ಹಿಡಿತದಲ್ಲೂ ಕೈಗೆ ಒಂದು ತಡೆ ಇದೆ. ಕಲಿಯಲು ಬಂದವರಿಗೆ ಮೊದಲ ದಿನ ಚಮಚ ಮಾಡಿಸುವುದಿಲ್ಲವಂತೆ, ಬರೀ ಈ ಹಿಡಿತಗಳನ್ನೇ ಮಾಡಿಸುತ್ತಾರಂತೆ.

ಕುಳಿ ತೆಗೆಯಲು ಬೇರೆ ಕತ್ತಿ. ಅದರ ಅಲಗು ಕೊಕ್ಕೆಯಂತೆ ಬಾಗಿದೆ. ವೇಲ್ಸ್‌ನವರದ್ದಕ್ಕೆ ಒಂದು ವಿಶೇಷ, ಹಿಡಿ ಬಹಳ ಉದ್ದ. ಟೂಕಾ ಕಾಮ್ ಅಂತ ಹೆಸರು. ಹಿಡಿಯ ತುದಿಯನ್ನು ಕಂಕುಳಲ್ಲಿ ಅವುಚಿಕೊಂಡು ಅಲಗಿನ ಹತ್ತಿರ ಬೆರಳಲ್ಲಿ ಹಿಡಿದರೆ ಮಣಿಕಟ್ಟಿನ ಬದಲು ಭುಜದ ಬಲ ಬೀಳುತ್ತದೆ. ದಿನಕ್ಕೆ ಹತ್ತಾರು ಚಮಚ ಮಾಡಿ ಸಂತೆಗೆ ಒಯ್ಯುತ್ತಿದ್ದವರ ಮಣಿಕಟ್ಟು ಉಳಿದದ್ದು ಇದರಿಂದ. ಕುಳಿ ತೆಗೆಯುವಾಗ ಎರಡೂ ಅಂಚಿನಿಂದ ತಳದ ಕಡೆಗೆ ಇಳಿಯಬೇಕೇ ಹೊರತು ತಳದಿಂದ ಮೇಲಕ್ಕೆ ಹತ್ತಬಾರದು. ಹತ್ತಿದರೆ ನಾರು ಎದುರಾಗಿ ಸಿಬಿರು ಏಳುತ್ತದೆ. ತೆಳು ಸಿಪ್ಪೆ ಸುರುಳಿ ಸುತ್ತಿಕೊಂಡು ಅವರ ತೊಡೆಯ ಮೇಲೆ ಬೀಳುತ್ತಿತ್ತು. ಅಲಗು ತಳ ಮುಟ್ಟಿದಾಗ ಸದ್ದೇ ಬದಲಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು.

ಎಲ್ಲ ಮುಗಿದ ಮೇಲೆ ಗೆಳೆಯನ ತಾಯಿಯ ಪ್ರಶ್ನೆ ಬಂತು. ಮಗನ ಮೂಲಕ. ‘ಹಸಿ ಮರದಲ್ಲಿ ಮಾಡಿದರೆ ಒಣಗಿದ ಮೇಲೆ ಬಿರಿಯಲ್ವಾ ಅಂತ ಕೇಳು. ನಮ್ಮ ಅತ್ತೆ ಹಲಸಿನ ಮರಿಗೇನ ಬಿಸಿಲಿಗೆ ಇಟ್ಟರೆ ಬೈತಿದ್ರು.’

ಮೇಷ್ಟ್ರಿಗೆ ಖುಷಿಯಾಯಿತು. ‘ನಿಮ್ಮ ಅತ್ತೆಯವರು ಹೇಳಿದ್ದೇ ಸರಿ. ಈ ಕಸುಬಿನ ಕಷ್ಟ ಇರೋದು ಕೆತ್ತೋದರಲ್ಲಿ ಅಲ್ಲ, ಒಣಗಿಸೋದರಲ್ಲಿ.’

ವಿಷಯ ಇಷ್ಟೆ. ಮರದೊಳಗಿನ ನೀರು ಎರಡು ಕಡೆ ಇರುತ್ತದೆ. ನಾರಿನ ಟೊಳ್ಳು ನಾಳಗಳಲ್ಲಿ ತುಂಬಿಕೊಂಡ ನೀರು ಮೊದಲು ಹೋಗುತ್ತದೆ, ಅದರಿಂದ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವ ಸುಮಾರು ಶೇ 30ಕ್ಕೆ ಇಳಿದ ಮೇಲೆ ನಾಳಗಳ ಗೋಡೆಯಲ್ಲೇ ಹೀರಿಕೊಂಡಿದ್ದ ನೀರು ಹೊರಡಲು ಶುರು. ಆಗ ಮರ ಕುಗ್ಗುತ್ತದೆ. ಅದೂ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ನಡುವಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು ಎರಡು ಪಟ್ಟು. ಈ ಎಳೆದಾಟದಲ್ಲಿ ಒಂದು ಭಾಗ ಬೇಗ ಒಣಗಿ ಇನ್ನೊಂದು ಹಸಿಯಾಗೇ ಉಳಿದರೆ ಬಿರುಕು ಖಂಡಿತ. ಇಡೀ ದಿಮ್ಮಿ ಬಿಸಿಲಲ್ಲಿ ಸೀಳಿಕೊಳ್ಳುವುದು ಇದಕ್ಕೇ. ಚಮಚ ತೆಳ್ಳಗಿರುವುದರಿಂದ ಒಳಗೂ ಹೊರಗೂ ಒಟ್ಟೊಟ್ಟಿಗೆ ಒಣಗಿ ಬಚಾವಾಗುತ್ತದೆ. ಬಟ್ಟಲಿಗೆ ಆ ಅನುಕೂಲ ಕಡಿಮೆ. ಗೋಡೆ ಒಂದೇ ದಪ್ಪ ಇರಬೇಕು, ತಳದಲ್ಲಿ ದಪ್ಪ ಬಿಟ್ಟು ಅಂಚಿನಲ್ಲಿ ತೆಳುವಾದರೆ ಅಂಚು ಸೀಳುತ್ತದೆ.

ಹಾಗಾಗಿ ಮುಕ್ಕಾಲು ಮುಗಿದ ಚಮಚವನ್ನು ಅದರದೇ ಸಿಪ್ಪೆಯ ರಾಶಿಯಲ್ಲಿ ಹೂತು, ಗಾಳಿ ಬಿಸಿಲು ತಾಕದ ಮೂಲೆಯಲ್ಲಿ ಒಂದೆರಡು ವಾರ ಇಡುತ್ತಾರೆ. ಒಣಗಿದ ಮೇಲೆ, ಚೆನ್ನಾಗಿ ಮಸೆದ ಕತ್ತಿಯಿಂದ ಮೈಯೆಲ್ಲ ಒಂದು ಸುತ್ತು ತೆಳುವಾಗಿ ಹೆರೆಯುವುದು ಕೊನೆಯ ಕೆಲಸ. ಉಪ್ಪುಕಾಗದ ಹಾಕಿ ಉಜ್ಜುವುದಿಲ್ಲ. ಉಜ್ಜಿದರೆ ಅಂಗಡಿಯಲ್ಲಿ ನುಣ್ಣಗೆ ಕಾಣುತ್ತದೆ, ಮೊದಲ ಸಲ ತೊಳೆದಾಗ ಹರಿದ ನಾರುಗಳೆಲ್ಲ ನಿಂತುಕೊಂಡು ಒರಟಾಗುತ್ತದೆ. ಹರಿತ ಅಲಗಿನ ಕಡಿತ ಹಾಗಲ್ಲ, ವರ್ಷಗಟ್ಟಲೆ ತೊಳೆದರೂ ನಯವಾಗೇ ಇರುತ್ತದೆ. ಆಮೇಲೆ ಅಗಸೆ ಎಣ್ಣೆಯೋ ಅಕ್ರೋಟಿನ ಎಣ್ಣೆಯೋ ಸವರಿ ಕೆಲವು ವಾರ ಬಿಡುತ್ತಾರೆ. ಕೊಬ್ಬರಿ ಎಣ್ಣೆ ಆಗಲ್ವಾ ಅಂತ ಗೆಳೆಯನ ತಾಯಿ ಕೇಳಿದರು. ಆಗಬಹುದು, ಆದರೆ ಅದು ಮರದಲ್ಲಿ ಗಟ್ಟಿಯಾಗಿ ಕೂರುವ ಎಣ್ಣೆಯಲ್ಲ, ಮತ್ತೆ ಮತ್ತೆ ಹಚ್ಚಬೇಕು ಅಂದರು ಮೇಷ್ಟ್ರು. ಇಬ್ಬರಿಗೂ ಸಮಾಧಾನ.

ಬಟ್ಟಲಿನ ವಿಷಯಕ್ಕೆ ಬಂದರೆ ವೇಲ್ಸ್‌ನಲ್ಲಿ ಹೆಸರಾದ ಊರು ಪಶ್ಚಿಮದ ಅಬರ್‌ಕಿಖ್. ಕಿಖ್ ಹೊಳೆಯ ಕಣಿವೆಯ ಆ ಹಳ್ಳಿಯ ಕಸುಬುದಾರರು ಸಿಕಮೋರ್ ಮರದ ಬಟ್ಟಲು, ಸೌಟು, ಚಮಚ ಮಾಡಿ ಸುತ್ತಲಿನ ಸಂತೆಗಳಿಗೆ ಕಳಿಸುತ್ತಿದ್ದರು. ಹಳೆಯ ಕಾಲದ ಲೇತ್‌ಗೆ ವಿದ್ಯುತ್ತೂ ಇಲ್ಲ, ಚಕ್ರವೂ ಇಲ್ಲ. ತಲೆಯ ಮೇಲೆ ಚಾಚಿದ ಒಂದು ಬಳುಕುವ ಗಳ, ಅದರ ತುದಿಯಿಂದ ಇಳಿಬಿಟ್ಟ ಹಗ್ಗ, ಮರದ ತುಂಡಿಗೆ ಒಂದು ಸುತ್ತು ಹಾಕಿ ಕೆಳಗೆ ಕಾಲ್ಮಣೆಗೆ ಕಟ್ಟಿರುತ್ತದೆ. ತುಳಿದಾಗ ತುಂಡು ಮುಂದಕ್ಕೆ ತಿರುಗುತ್ತದೆ, ಆಗ ಉಳಿ ಕಚ್ಚಿಸಬೇಕು. ಕಾಲು ಎತ್ತಿದಾಗ ಗಳ ಹಗ್ಗವನ್ನು ಹಿಂದಕ್ಕೆಳೆದು ತುಂಡು ಹಿಂದಕ್ಕೆ ತಿರುಗುತ್ತದೆ, ಆಗ ಉಳಿ ಸರಿಸಬೇಕು. ಹೊಸಬರಿಗೆ ಅರ್ಧ ಗಂಟೆಯಲ್ಲಿ ಮೊಣಕಾಲು ಮಾತಾಡುತ್ತದೆ. ಹಸಿ ಮರವಲ್ಲದೆ ಬೇರೆ ಮರ ಇದಕ್ಕೆ ಬಗ್ಗುವುದೂ ಇಲ್ಲ.

ಹೀಗೆ ಹಸಿಯಲ್ಲಿ ತಿರುವಿದ ಬಟ್ಟಲು ಲೇತ್‌ನಿಂದ ಇಳಿಯುವಾಗ ಪೂರ್ತಿ ಗುಂಡಗಿರುತ್ತದೆ, ಒಣಗಿದ ಮೇಲೆ ಒಂದು ದಿಕ್ಕಿಗೆ ಹೆಚ್ಚು ಕುಗ್ಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸಂಗ್ರಹಾಲಯದಲ್ಲಿರುವ ಹಳೆಯ ಬಟ್ಟಲುಗಳನ್ನು ಮೇಲಿನಿಂದ ನೋಡಿ, ಗುಂಡಗಿನದು ಸಿಗುವುದು ಅಪರೂಪ. ಹಳೆಯ ಸಾಮಾನಿನ ವ್ಯಾಪಾರಿಗಳಿಗೆ ಇದೇ ಪರೀಕ್ಷೆ. ಅಡ್ಡಕ್ಕೂ ಉದ್ದಕ್ಕೂ ಅಳೆದರೆ ಒಂದೇ ಅಳತೆ ಬಂತೋ, ಅನುಮಾನ ಪಡಬೇಕು.

ಇಂಗ್ಲೆಂಡಿನಲ್ಲಿ ಈ ಕಾಲ್ತುಳಿತದ ಲೇತ್‌ನಲ್ಲಿ ಬಟ್ಟಲು ಮಾಡಿ ಬದುಕಿದ ಕೊನೆಯವರು ಬರ್ಕ್‌ಷೈರ್‌ನ ಬಕಲ್‌ಬರಿ ಎಂಬಲ್ಲಿದ್ದ ಜಾರ್ಜ್ ಲೇಲಿ. ಒಂದೇ ಎಲ್ಮ್ ಮರದ ತುಂಡಿನಿಂದ ಒಂದರೊಳಗೊಂದು ಕೂರುವ ಬಟ್ಟಲುಗಳನ್ನು ಬಾಗಿದ ಉಳಿಯಲ್ಲಿ ಬಿಡಿಸಿ ತೆಗೆಯುತ್ತಿದ್ದರು, ಮರ ವ್ಯರ್ಥವಾಗದಂತೆ. 1958ರಲ್ಲಿ ಅವರು ತೀರಿಕೊಂಡರು, ಲೇತ್ ರೆಡಿಂಗ್ ನಗರದ ಗ್ರಾಮೀಣ ಬದುಕಿನ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಅಲ್ಲಿಗೆ ಸರಪಳಿ ತುಂಡಾಯಿತು. 1990ರ ದಶಕದಲ್ಲಿ ರಾಬಿನ್ ವುಡ್ ಎಂಬವರು ಆ ಉಪಕರಣಗಳನ್ನು ನೋಡಿ, ಅಳೆದು, ತಾವೇ ಉಳಿ ಬಡಿದುಕೊಂಡು ವಿದ್ಯೆಯನ್ನು ಮತ್ತೆ ಕಲಿತರು. ಹೇಳಿಕೊಡುವ ಗುರು ಇಲ್ಲದೆ ಬರೀ ಉಪಕರಣವನ್ನು ಕೇಳಿ ಕಲಿಯುವುದು ಎಷ್ಟು ಕಷ್ಟ ಅಂತ ಊಹಿಸಬಹುದು. ಚಮಚದ ಕತೆಯಲ್ಲಿ ಅಷ್ಟು ಕಷ್ಟ ಬರಲಿಲ್ಲ, ಯಾಕೆಂದರೆ ಸ್ವೀಡನ್‌ನಲ್ಲಿ ಈ ವಿದ್ಯೆ ಸತ್ತಿರಲಿಲ್ಲ. ಅಲ್ಲಿನ ವಿಲ್ಲೆ ಸುಂಡ್‌ಕ್ವಿಸ್ಟ್ ಬರೆದ, ಕೊಡಲಿ ಕತ್ತಿಗಳ ಹಿಡಿತಗಳನ್ನು ಒಂದೊಂದಾಗಿ ತೋರಿಸುವ ಪುಸ್ತಕ 1990ರಲ್ಲಿ ಇಂಗ್ಲಿಷ್‌ಗೆ ಬಂತು. ಇವತ್ತು ಬ್ರಿಟನ್, ಅಮೆರಿಕದಲ್ಲಿ ಚಮಚ ಕೆತ್ತುವ ಎಷ್ಟೋ ಮಂದಿಗೆ ಅದೇ ಪಠ್ಯ. 2012ರಲ್ಲಿ ಇಂಗ್ಲೆಂಡಿನ ಈಡೇಲ್ ಎಂಬ ಬೆಟ್ಟದೂರಿನಲ್ಲಿ ಚಮಚಕ್ಕೇ ಮೀಸಲಾದ ಹಬ್ಬವೂ ಶುರುವಾಯಿತು.

ಈಗ ಪ್ರೇಮದ ಚಮಚಗಳ ಸರದಿ. ಗಾಜಿನ ಹಿಂದೆ ಸಾಲು ಸಾಲಾಗಿ ನಿಂತಿರುವ ಅವುಗಳ ಮುಂದೆ ಜನ ಜಾಸ್ತಿ. ಕೈಚಳಕಕ್ಕೆ ಮರುಳಾಗದವರು ಯಾರು? ಮರದ ಸರಪಳಿ ಒಂದೇ ತುಂಡಿನದು ಅಂದರೆ ನಂಬಲು ಕಷ್ಟ. ಎಲ್ಲೂ ಅಂಟಿಲ್ಲ, ಜೋಡಣೆಯಿಲ್ಲ. ಮಾಡುವ ಕ್ರಮ ಮಾತ್ರ ತಿಳಿದರೆ ಸರಳ. ಚೌಕದ ಕೋಲೊಂದರ ನಾಲ್ಕೂ ಮೂಲೆಗಳನ್ನು ಉದ್ದಕ್ಕೂ ಕೆತ್ತಿ ತೆಗೆದರೆ ಕೂಡಿಸುವ ಚಿಹ್ನೆಯ ಆಕಾರ ಉಳಿಯುತ್ತದೆ. ಅಡ್ಡ ರೆಕ್ಕೆಗಳ ಮೇಲೆ ಒಂದು ಸಾಲು ಕೊಂಡಿ ಗುರುತು ಹಾಕಿಕೊಳ್ಳಬೇಕು, ನೆಟ್ಟ ರೆಕ್ಕೆಗಳ ಮೇಲೆ ಅರ್ಧ ಕೊಂಡಿಯಷ್ಟು ಸರಿಸಿ ಇನ್ನೊಂದು ಸಾಲು. ನಡುವಿನ ಮರವನ್ನು ಕತ್ತಿಯ ಮೊನೆಯಿಂದ ಚೂರು ಚೂರೇ ಕಿತ್ತರೆ ಕೊಂಡಿ ಒಂದೊಂದಾಗಿ ಬಿಡಿಸಿಕೊಂಡು ತೂಗಾಡುತ್ತದೆ. ಗೂಡಿನೊಳಗೆ ಉರುಳುವ ಗುಂಡೂ ಹೀಗೆಯೇ. ನಾಲ್ಕು ಮೂಲೆಯಲ್ಲಿ ಕಂಬ ಉಳಿಸಿ, ನಡುವಿನ ಮರವನ್ನು ಕಿಟಕಿಯಿಂದಲೇ ಕೆತ್ತುತ್ತ ಗುಂಡು ಮಾಡುವುದು. ಗುಂಡು ಕಂಬಗಳ ಸಂದಿಗಿಂತ ದೊಡ್ಡದು, ಹೊರಗೆ ಬರುವಂತಿಲ್ಲ. ಕೊನೆಯ ಕೊಂಡಿಯಲ್ಲಿ ಕತ್ತಿ ಒಂದಿಷ್ಟು ಜಾರಿದರೂ ಚಳಿಗಾಲದ ಸಂಜೆಗಳೆಲ್ಲ ನೀರಿಗೆ ಹೋದ ಹಾಗೆ.

ಮಾರಾಟದ ಅಂಗಡಿಗಳಲ್ಲಿ ಒಂದು ಚೀಟಿ ಸಿಗುತ್ತದೆ. ಚಕ್ರವಿದ್ದರೆ ‘ದುಡಿದು ಸಾಕುತ್ತೇನೆ’, ಬೀಗದ ಕಣ್ಣಿದ್ದರೆ ‘ನನ್ನ ಮನೆ ನಿನ್ನದು’, ಗೂಡಿನಲ್ಲಿ ಎಷ್ಟು ಗುಂಡೋ ಅಷ್ಟು ಮಕ್ಕಳು. ಓದಲು ಚೆನ್ನ. ಆದರೆ ಹಳೆಯ ಕೆತ್ತನೆಗಾರರು ಇಂಥ ಕೋಷ್ಟಕವೇನನ್ನೂ ಬರೆದಿಟ್ಟು ಹೋಗಿಲ್ಲ. ಇದೆಲ್ಲ ಹೆಚ್ಚಾಗಿ ಈಚಿನ ವ್ಯಾಪಾರದ ಭಾಷೆ ಅಂತಲೇ ನನ್ನ ಅನಿಸಿಕೆ. ಹಳೆಯ ಚಮಚಗಳಲ್ಲಿ ಕೆಲವಕ್ಕೆ ಹೆಸರಿನ ಮೊದಲಕ್ಷರ, ಇಸವಿ ಉಂಟು. ಬಹಳಷ್ಟಕ್ಕೆ ಅದೂ ಇಲ್ಲ. ಕೊಟ್ಟವನ್ಯಾರು, ಪಡೆದವಳು ಒಪ್ಪಿದಳೋ ಇಲ್ಲವೋ, ಒಂದೂ ತಿಳಿಯದು.

ಗೆಳೆಯನ ತಾಯಿ ಒಂದೊಂದನ್ನೂ ನೋಡುತ್ತ ಹೋಗಿ ತೀರ್ಪು ಕೊಟ್ಟರು. ‘ಚೆಂದ ಉಂಟು ಮಾರಾಯ, ಆದ್ರೆ ಇದರಲ್ಲಿ ಒಂದು ಸೌಟು ಸಾರು ಬಡಿಸೋಕಾಗುತ್ತಾ?’

ಆಗ ನಕ್ಕರೂ ಆಮೇಲೆ ಯೋಚಿಸಿದರೆ ಮಾತು ತೂಕದ್ದೇ. ಇವುಗಳಲ್ಲಿ ಹಿಡಿ ಬೆಳೆಯುತ್ತ ಬೆಳೆಯುತ್ತ ಹಲಗೆಯಷ್ಟು ಅಗಲವಾಗಿದೆ, ಕುಳಿ ಚಿಕ್ಕದಾಗುತ್ತ ಹೆಸರಿಗೆ ಮಾತ್ರ ಉಳಿದಿದೆ. ಕೆತ್ತಿದವನ ತಾಳ್ಮೆಗೆ ಸಾಕ್ಷಿ, ಒಪ್ಪೋಣ. ಆದರೆ ಊಟದ ಚಮಚಕ್ಕೆ ಕಾದಿರುವ ಪರೀಕ್ಷೆ ಇವಕ್ಕಿಲ್ಲ. ತುಟಿ ತೆಳುವಾಗಿರಬೇಕು, ಆದರೆ ಹಂಡೆಯ ತಳ ಕೆರೆದರೂ ಸವೆಯಬಾರದು. ಕುಳಿ ಆಳವಿರಬೇಕು, ಆದರೆ ಬಾಯಲ್ಲಿಟ್ಟು ಎಳೆದುಕೊಂಡಾಗ ತಳದಲ್ಲಿ ಸಾರು ಉಳಿಯಬಾರದು. ಕತ್ತು ಸಣ್ಣಗಿದ್ದೂ ಮುರಿಯಬಾರದು. ದಿನಕ್ಕೆರಡು ಸಲ ನೀರು, ಬೆಂಕಿ, ಮಕ್ಕಳ ಹಲ್ಲು ಮೂರನ್ನೂ ತಾಳಬೇಕು. ಇಷ್ಟನ್ನೂ ಒಂದು ಗಂಟೆಯ ಕೆಲಸದಲ್ಲಿ ಸಾಧಿಸಿದವನು ನನ್ನ ಲೆಕ್ಕದಲ್ಲಿ ಸರಪಳಿ ಕೆತ್ತಿದವನಿಗಿಂತ ದೊಡ್ಡ ಕುಶಲಿ.

ಇಂಗ್ಲಿಷರಿಗೆ ಮಾತ್ರ ಮರದ ಚಮಚ ಅಂದರೆ ಕಡೆಯ ಸ್ಥಾನ. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಆನರ್ಸ್ ಪಟ್ಟಿಯ ತುದಿಯಲ್ಲಿದ್ದವನಿಗೆ ಒಂದು ಮಾರುದ್ದದ ಮರದ ಚಮಚವನ್ನು ಗೆಳೆಯರು ತಮಾಷೆಗೆ ಕೊಡುತ್ತಿದ್ದರು. 1899ರಲ್ಲಿ ನಮ್ಮ ದೇಶದ ಗಣಿತಜ್ಞ ರ‍್ಯಾಂಗ್ಲರ್ ಪರಾಂಜಪೆ ಅದೇ ಪಟ್ಟಿಯ ತಲೆಯಲ್ಲಿದ್ದರು. ರ‍್ಯಾಂಕಿನ ಪ್ರಕಾರ ಹೆಸರು ಓದುವ ಪದ್ಧತಿ ನಿಂತ ಕಾರಣ 1909ರದ್ದೇ ಕೊನೆಯ ಚಮಚ. ಹೆಸರು ಮಾತ್ರ ರಗ್ಬಿಗೆ ದಾಟಿಕೊಂಡಿತು. ಆರು ದೇಶಗಳ ಪಂದ್ಯಾವಳಿಯಲ್ಲಿ 2024 ಮತ್ತು 2025ರಲ್ಲಿ ಆ ‘ಚಮಚ’ ಸಿಕ್ಕಿದ್ದು ವೇಲ್ಸ್‌ಗೇ. ಕಾರ್ಡಿಫ್‌ನಲ್ಲಿ ಚಮಚದ ಸುದ್ದಿ ಎತ್ತುವ ಮುನ್ನ ಎದುರಿನವರು ರಗ್ಬಿ ನೋಡುವವರೋ ಅಂತ ವಿಚಾರಿಸಿಕೊಳ್ಳುವುದು ಒಳ್ಳೆಯದು ಅಂತ ಗೆಳೆಯ ಮೊದಲೇ ಎಚ್ಚರಿಸಿದ್ದ.

ಕೊಳ್ಳುವವರಿಗೆ ಒಂದೆರಡು ಮಾತು. ನಗರದ ಅಂಗಡಿಗಳಲ್ಲಿ ಸಿಗುವ ಪ್ರೇಮದ ಚಮಚಗಳಲ್ಲಿ ಯಂತ್ರದಲ್ಲಿ ಕೊರೆದವೂ ಇವೆ, ಎಲ್ಲವೂ ಕೈಕೆಲಸವಲ್ಲ. ಕೈಯಲ್ಲಿ ಮಾಡಿದ್ದೋ ಅಂತ ತಿಳಿಯಲು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕತ್ತಿ ಹೆರೆದ ಸಣ್ಣ ಸಣ್ಣ ಮುಖಗಳು ಮಿಂಚಬೇಕು. ಊಟದ ಚಮಚವಾದರೆ ಕತ್ತಿನ ಪಕ್ಕದಲ್ಲಿ ನಾರಿನ ಗೆರೆ ನೋಡಿ. ಗೆರೆ ಬಾಗಿನ ಜೊತೆಗೇ ಬಾಗಿದ್ದರೆ ಕೇಳಿದ ಬೆಲೆ ಕೊಡಿ, ಬಾಗಿನಲ್ಲಿ ತುಂಡಾಗಿದ್ದರೆ ವಾಪಸ್ ಇಡಿ. ಸೇಂಟ್ ಫಾಗನ್ಸ್‌ಗೆ ಕಾರ್ಡಿಫ್‌ನಿಂದ ಬಸ್ಸಿದೆ. ಕಾರಿನಲ್ಲಿ ಹೋದರೆ ನಿಲುಗಡೆಗೆ ದುಡ್ಡು ಕೊಡಬೇಕು. ಮಳೆಗೆ ಕೊಡೆ ಬೇಕೇ ಬೇಕು, ನಡೆಯಲು ಒಳ್ಳೆಯ ಚಪ್ಪಲಿ ಬೇಕು. ಅರ್ಧ ದಿನದಲ್ಲಿ ಮುಗಿಸುತ್ತೇವೆ ಅಂದುಕೊಂಡು ಹೋಗಬೇಡಿ.

ಇಷ್ಟೆಲ್ಲ ಸಾಮಾನು ಕೂಡಿಟ್ಟದ್ದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇವರು ಅದರ ಜೊತೆಗೆ ಮಾತನ್ನೂ ಕೂಡಿಟ್ಟದ್ದು. 1950ರ ದಶಕದ ಕೊನೆಯಿಂದಲೇ ಸಂಗ್ರಹಾಲಯದವರು ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ತಿರುಗಿ ಮುದುಕ ಮುದುಕಿಯರ ಮಾತು, ಕಸುಬು, ಹಾಡು ಹಿಡಿದಿಟ್ಟರು. ಇಲ್ಲೇ ಕೆಲಸದಲ್ಲಿದ್ದ ಮಿನ್‌ವೆಲ್ ಟಿಬ್ಬಟ್ ಎಂಬಾಕೆ ಅಜ್ಜಿಯಂದಿರನ್ನು ಹುಡುಕಿಕೊಂಡು ಹೋಗಿ, ಒಲೆ, ಹಂಡೆ, ಅಡುಗೆಯ ಬಗ್ಗೆ ಕೇಳಿ ಕೇಳಿ ಬರೆದುಕೊಂಡು 1976ರಲ್ಲಿ ವೇಲ್ಸ್‌ನ ಅಡುಗೆಯ ಪುಸ್ತಕವನ್ನೇ ತಂದರು. ಸಾಮಾನಿನ ಹಿಂದೆ ಕೈಯೂ ಬಾಯಿಯೂ ಇದ್ದವು ಅನ್ನುವುದು ಇಲ್ಲಿ ಮರೆತುಹೋಗಿಲ್ಲ.

ನಮ್ಮ ಮಲೆನಾಡಿನ, ಕರಾವಳಿಯ ಅಟ್ಟಗಳಲ್ಲಿ ಮರಿಗೆ, ಕಡಗೋಲು, ಸಟ್ಟುಗ, ಚಿಪ್ಪಿನ ಸೌಟುಗಳು ಈಗಲೂ ಇವೆ. ಹಳೆ ಸಾಮಾನು ಕೊಳ್ಳುವವರು ಬಂದು ಒಂದೊಂದಾಗಿ ಒಯ್ಯುತ್ತಲೂ ಇದ್ದಾರೆ. ಕೊಡಬೇಡಿ ಅಂತ ಹೇಳಲು ನಾನ್ಯಾರು? ಕೊಡುವ ಮುನ್ನ ಮನೆಯ ಹಿರಿಯರನ್ನು ಕೂರಿಸಿ ನಾಲ್ಕು ಪ್ರಶ್ನೆ ಕೇಳಿ. ಯಾವ ಮರ, ಮಾಡಿದವರು ಯಾವ ಊರಿನವರು, ಮರ ಕಡಿಯುತ್ತಿದ್ದದ್ದು ಯಾವ ತಿಂಗಳಲ್ಲಿ, ಬಿರಿಯದಂತೆ ಹೇಗೆ ಒಣಗಿಸುತ್ತಿದ್ದರು. ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಇಲ್ಲವೇ ಒಂದು ಚೀಟಿಯಲ್ಲಿ ಬರೆದು ಆ ಮರಿಗೆಯೊಳಗೇ ಇಡಿ.